ಏಳು ಸುಗ್ಗಿಯ ಗಾಲಿಮನೆ

ಒಂದು ಊರಿತ್ತು. ಆ ಊರಿನಲ್ಲಿ ಕಣ್ಣಿಗೂ ನಾಲಿಗೆಗೂ ಒಂದೇ ಹಗ್ಗ ಕಟ್ಟಿದ್ದರು. ಕಂಡವನು ಹೇಳಲೇಬೇಕು, ಹೊತ್ತು ಮುಳುಗುವುದರೊಳಗೆ ಚಾವಡಿಗೆ ಬಂದು ಹೇಳಬೇಕು. ಕಂಡದ್ದೆಲ್ಲವನ್ನೂ ಅಲ್ಲ, ಅಷ್ಟು ಪುರುಸೊತ್ತು ಯಾವ ಊರಿಗಿದೆ? ಉಳುವ ನೆಲದ ಮೇಲೆ ಮನೆ ಕಂಡರೆ ಮಾತ್ರ. ಅನ್ನ ಬೆಳೆಯುವ ಮಣ್ಣಿನ ಮೇಲೆ ಮನುಷ್ಯ ಮೈ ಚಾಚಬಾರದು ಎಂಬುದು ಅಲ್ಲಿನ ಮೂಲ ಕಟ್ಟಳೆ. ಮಲಗುವವರು ಕೋಟೆಯ ಒಳಗೆ ಮಲಗಬೇಕು, ಬಿತ್ತುವವರು ಕೋಟೆಯ ಹೊರಗೆ ಬಿತ್ತಬೇಕು.

ಈ ಕಟ್ಟಳೆಗೆ ಮೂರು ಬಾಲ. ಕಂಡು ಹೇಳಿದವನೇ ಆ ಮನೆಗೆ ಮೊದಲ ಏಟು ಹಾಕಬೇಕು, ಅವನ ಹಿಂದೆ ಊರವರೆಲ್ಲ ಒಬ್ಬೊಬ್ಬರು ಒಂದೊಂದು ಏಟು ಹಾಕಬೇಕು. ಕಂಡೂ ಹೇಳದವನ ಸ್ವಂತ ಮನೆಯ ಸೂರು ಕಿತ್ತುಹಾಕಬೇಕು. ಇನ್ನು ಏಳು ಸುಗ್ಗಿಯವರೆಗೆ ಯಾರ ಕಣ್ಣಿಗೂ ಬೀಳದೆ ನಿಂತದ್ದನ್ನು ಹುತ್ತದ ಹಾಗೆ, ಬೇವಿನಮರದ ಹಾಗೆ, ಮೊದಲಿನಿಂದಲೂ ಇದ್ದದ್ದೇ ಎಂದು ತಿಳಿದು ಬಿಟ್ಟುಬಿಡಬೇಕು. ಮೂರನೆಯ ಬಾಲ ಯಾಕೆ ಬೆಳೆಯಿತೆಂದು ಯಾರಿಗೂ ಗೊತ್ತಿಲ್ಲ. ನಮ್ಮ ಹಿರಿಯರಿಗೆ ಕರುಣೆ ಹೆಚ್ಚು ಎಂದು ಊರವರು ಹೇಳಿಕೊಂಡು ಮೀಸೆ ತಿರುವುತ್ತಿದ್ದರು.

ಆ ಊರಿನಲ್ಲಿ ಒಬ್ಬ ಬಡಿಗನಿದ್ದ. ಅವನ ಹೆಂಡತಿ ಕೌದಿ ಹೊಲಿಯುವವಳು. ಅಣ್ಣತಮ್ಮಂದಿರು ಬೇರೆಯಾದಾಗ ಕೋಟೆಯೊಳಗಿನ ಮನೆ ಅಣ್ಣನ ಪಾಲಿಗೆ ಹೋಯಿತು, ಹೊರಗಿನ ಹೊಲ ಬಡಿಗನ ಪಾಲಿಗೆ ಬಂತು. ಉಣ್ಣಲು ಜೋಳವಿದೆ, ಮಲಗಲು ಮೊಳ ನೆಲವಿಲ್ಲ. ಬಡಿಗ ಜಾಣ. ಕಟ್ಟಳೆ ಚಾಪೆಯ ಕೆಳಗೆ ನುಸುಳಿದರೆ ತಾನು ರಂಗೋಲಿಯ ಕೆಳಗೆ ನುಸುಳುವ ಆಸಾಮಿ.

"ಮನಿ ಕಟ್ಟಬಾರದು ಅಂದಾರ. ಬಂಡಿ ನಿಲ್ಲಸಬಾರದು ಅಂದಿಲ್ಲಲ್ಲ?" ಎಂದ.

ನಾಲ್ಕು ಗಾಲಿಗಳ ಮೇಲೆ ಹಲಗೆಯದೊಂದು ಗೂಡು ಕಟ್ಟಿದ. ಒಂದು ಬಾಗಿಲು, ಎರಡು ಕಿಟಕಿ, ಒಂದು ಒಲೆ, ಮೂವರು ಒತ್ತರಿಸಿಕೊಂಡು ಮಲಗುವಷ್ಟು ಜಾಗ. ಎತ್ತು ಹೂಡಿ ಎಳೆದು ತನ್ನ ಹೊಲದ ನಡುವೆ ನಿಲ್ಲಿಸಿದ. ಕೌದಿಯವಳು ಹಳೆಯ ಸೀರೆಯ ತುಂಡುಗಳನ್ನು ಕೂಡಿಸಿ ಬಾಗಿಲಿಗೆ ಪರದೆ ಹೊಲಿದಳು. ಗಾಲಿಮನೆ ಎಂದು ಹೆಸರಿಟ್ಟವಳೂ ಅವಳೇ.

ಮರುದಿನ ಮುಂಜಾನೆ ಹೊಲಗಳಿಗೆ ಹೊರಟ ಊರು ಬದುವಿನ ಪಕ್ಕದ ದಾರಿಯಲ್ಲಿ ಸಾಲಾಗಿ ಬಂತು. ಮುಂದಿದ್ದವನ ಕಣ್ಣಂಚಿಗೆ ಏನೋ ಬಿತ್ತು, ಅಥವಾ ಬೀಳುವುದರಲ್ಲಿತ್ತು. ಅವನು ತಟ್ಟನೆ ಹೆಗಲ ಮೇಲಿನ ವಲ್ಲಿಯನ್ನು ಎಡಗೆನ್ನೆಯ ಮೇಲೆ ಎಳೆದುಕೊಂಡು ಬಲಕ್ಕೆ ತಿರುಗಿದ. ಹಿಂದಿನವನೂ ಹಾಗೇ ಮಾಡಿದ. ಅವನ ಹಿಂದಿನ ಹೆಂಗಸು ಸೆರಗು ಎಳೆದುಕೊಂಡಳು. ಸಾಲಿಗೆ ಸಾಲೇ ಬಲಕ್ಕೆ ಮೋರೆ ಮಾಡಿ ನಡೆದುಹೋಯಿತು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಊರಿನ ತೊಟ್ಟಿಲುಗಳೆಲ್ಲ ಬಡಿಗನ ಕೈಯವು, ಊರು ಹೊದೆಯುವ ಕೌದಿಗಳೆಲ್ಲ ಅವನ ಹೆಂಡತಿಯ ಕೈಯವು. ಅಂಥವರ ಮನೆಗೆ ಮೊದಲ ಏಟು ಹಾಕುವ ಪಾಪ ಯಾರಿಗೆ ಬೇಕು? ಕಾಣದಿದ್ದರೆ ಹೇಳಬೇಕಿಲ್ಲ, ಹೇಳದಿದ್ದರೆ ಹೊಡೆಯಬೇಕಿಲ್ಲ. ಅವರದು ನಿಜವಾದ ಪ್ರೀತಿ, ಅದರಲ್ಲಿ ಎರಡು ಮಾತಿಲ್ಲ. ನನಗೆ ಅದರ ಮೇಲೆ ಸಿಟ್ಟು ಬರುವುದೂ ಅದಕ್ಕೇ.

ಕಾಣದಿರುವುದು ಊರಿಗೆ ಒಂದು ವ್ರತವಾಯಿತು. ಮಕ್ಕಳಿಗೆ ನಡೆಯಲು ಕಲಿಸುವಾಗಲೇ ಬಲಕ್ಕೆ ತಿರುಗಲು ಕಲಿಸಿದರು. ಎತ್ತುಗಳ ಎಡಗಣ್ಣಿಗೂ ಬಟ್ಟೆ ಕಟ್ಟಿದರು, ಎತ್ತು ಯಾರಿಗೆ ಹೋಗಿ ಹೇಳುತ್ತದೋ ದೇವರೇ ಬಲ್ಲ. ಗಾಲಿಮನೆಯ ಒಲೆಯಿಂದ ಹೊಗೆಯೆದ್ದರೆ "ಇವತ್ತು ಮಂಜು ಜೋರೈತಿ" ಎನ್ನುತ್ತಿದ್ದರು. ಮಂಜಿಗೆ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬಂದರೂ ಮಂಜೇ. ಕೆಲವು ವರ್ಷಗಳಲ್ಲಿ ಊರವರ ಕುತ್ತಿಗೆಗಳು ಬಲಕ್ಕೆ ಒಂದಿಷ್ಟು ವಾಲಿಕೊಂಡವು, ಅಂಗಿ ಹೊಲಿಯುವವನು ಕೊರಳಪಟ್ಟಿಯನ್ನು ಓರೆಯಾಗಿ ಕತ್ತರಿಸುವುದನ್ನು ರೂಢಿಮಾಡಿಕೊಂಡ.

ಕೌದಿಯವಳಿಗೆ ಮೊದಮೊದಲು ಇದು ನಗೆಯ ಆಟ. ಬದುವಿನ ಒಳಗೆ ನಿಂತು "ಹೊಲಕ್ಕ ಹೊಂಟ್ರೇನ್ರಿ?" ಎಂದರೆ ಉತ್ತರವಿಲ್ಲ. ಬದು ದಾಟಿ ದಾರಿಗೆ ಕಾಲಿಟ್ಟು ಅದೇ ಮಾತು ಕೇಳಿದರೆ, "ಹೂನವ್ವಾ, ನೀ ಆರಾಮ ಅದಿಯಿಲ್ಲೋ?" ಎಂದು ನಾಲ್ಕು ಬಾಯಿ ಒಟ್ಟಿಗೆ ಕೇಳುತ್ತಿದ್ದವು. ಒಂದು ಹೆಜ್ಜೆಯ ಆಚೆ ಅವಳು ಎಲ್ಲರ ಅಕ್ಕ. ಒಂದು ಹೆಜ್ಜೆಯ ಈಚೆ ಅವಳು ಗಾಳಿ.

ಎರಡನೆಯ ಸುಗ್ಗಿಯಲ್ಲಿ ಅವಳಿಗೆ ದಿನ ತುಂಬಿದವು. ಊರಿನ ಸೂಲಗಿತ್ತಿ ಒಬ್ಬಳೇ ಬಂದಳು. ಬದುವಿನ ಹತ್ತಿರ ನಿಂತು ತನ್ನ ಕಣ್ಣಿಗೆ ತಾನೇ ಬಟ್ಟೆ ಕಟ್ಟಿಕೊಂಡು, "ಕೈ ಹಿಡೀರಿ ಯಾರರ" ಎಂದಳು. ಬಡಿಗ ಕೈ ಹಿಡಿದು ಕರೆತಂದ. ಹಲಗೆಗಳನ್ನು ತಡವುತ್ತ ಒಳಗೆ ಬಂದಳು, ಕುರುಡುಗೈಯಲ್ಲೇ ಹೆರಿಗೆ ಮಾಡಿಸಿದಳು. ಮಗು ಅತ್ತಿತು. ಆಗ ಅವಳಿಗೆ ತಡೆಯಲಾಗಲಿಲ್ಲ. ಬಟ್ಟೆಯನ್ನು ಹಣೆಗೆ ಸರಿಸಿ ಒಂದೇ ಒಂದು ಸಲ ನೋಡಿದಳು. ಮಗುವನ್ನು ನೋಡಿದಳು, ಮಗುವಿನ ಹಿಂದಿದ್ದ ಒಲೆ, ಕಿಟಕಿ, ಪರದೆ ಎಲ್ಲವನ್ನೂ ನೋಡಿದಳು.

"ಹೆಣ್ಣು. ಕಣ್ಣು ನಿನ್ನವ, ಮೂಗು ಅವನದು" ಎಂದಳು. ಮರುಕ್ಷಣ ಬಟ್ಟೆಯನ್ನು ಇನ್ನೂ ಬಿಗಿಯಾಗಿ ಕಟ್ಟಿಕೊಂಡಳು. ಬಡಿಗ ಹೊರಗಿದ್ದ. ಅವಳು ಕಂಡದ್ದು ಕೌದಿಯವಳಿಗೆ ಮಾತ್ರ ಗೊತ್ತು.

ಅಂದಿನಿಂದ ಆಟ ಆಟವಾಗಿ ಉಳಿಯಲಿಲ್ಲ. ತಾಯಿ ಕೋಟೆಯೊಳಗೆ ಹುಟ್ಟಿದವಳು, ಬದು ದಾಟಿದರೆ ಕಾಣುತ್ತಿದ್ದಳು. ಮಗಳು ಗಾಲಿಮನೆಯಲ್ಲೇ ಹುಟ್ಟಿದವಳು. ಮಗುವನ್ನು ಕಂಡವರು ಇದು ಯಾವ ಮನೆಯ ಮಗು ಎಂದು ಕೇಳಬೇಕಾಗುತ್ತದೆ. ಆದ್ದರಿಂದ ಮಗಳು ಬದುವಿನ ಈಚೆಗೂ ಕಾಣಲಿಲ್ಲ, ಆಚೆಗೂ ಕಾಣಲಿಲ್ಲ. ತಾಯಿ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಂತೆಗೆ ಹೋದರೆ ಜನ ತಾಯಿಯ ಬಲಭುಜದೊಡನೆ ಮಾತಾಡುತ್ತಿದ್ದರು.

ನಾಲ್ಕನೆಯ ಸುಗ್ಗಿಯ ಹೊತ್ತಿಗೆ ಬಡಿಗನಿಗೆ ಜ್ವರ ಬಂತು. ಮೂರನೆಯ ದಿನ ಮಾತು ತೊದಲತೊಡಗಿತು. ಸೂಲಗಿತ್ತಿಯೇ ಊರಿಗೆ ಮದ್ದು ಕೊಡುವವಳು, ಅವಳು ಮದ್ದಿನ ಗಂಟು ಹಿಡಿದು ಬದುವಿನವರೆಗೆ ಓಡಿಬಂದಳು. ಈ ಸಲ ಕಣ್ಣು ಕಟ್ಟಿಕೊಂಡು ಒಳಗೆ ಬರಲಿಲ್ಲ. ಒಮ್ಮೆ ಬಟ್ಟೆ ಸರಿಸಿದ ಕೈಯನ್ನು ಅವಳು ನಂಬುತ್ತಿರಲಿಲ್ಲ.

"ಹೊಲದಾಗ ಯಾರರ ಜಡ್ಡಿನವರು ಇದ್ರ ಬದು ದಾಟಿ ಬರ್ರಿ" ಎಂದು ಬಲಕ್ಕೆ ಮೋರೆ ಮಾಡಿ ಕೂಗಿದಳು. "ಇಲ್ಲೀತನ ಬಂದ್ರ ಸಾಕು. ನಾಡಿ ನೋಡತೇನಿ, ಮದ್ದು ಕೊಡತೇನಿ. ಲಗೂ ಬರ್ರಿ!"

ಕೌದಿಯವಳು ಗಂಡನನ್ನು ಕೌದಿಯ ಮೇಲೆ ಮಲಗಿಸಿ ಎಳೆದಳು. ಎರೆಮಣ್ಣಿನಲ್ಲಿ ಕೊಯ್ದುಳಿದ ಜೋಳದ ಕೂಳೆಗಳು ಭರ್ಚಿಯ ಹಾಗೆ ನಿಂತಿದ್ದವು. ಅವಳು ಎಳೆದಳು, ನಿಂತಳು, ಮತ್ತೆ ಎಳೆದಳು. ದಾರಿಯಲ್ಲಿ ಊರಿಗೆ ಊರೇ ಬಂದು ನಿಂತು, ಬಲಕ್ಕೆ ತಿರುಗಿಕೊಂಡು, "ಇನ್ನೊಂದ್ ಸ್ವಲ್ಪ, ಇನ್ನೊಂದ್ ಸ್ವಲ್ಪ" ಎಂದು ಗಾಳಿಗೆ ಹೇಳುತ್ತಿತ್ತು. ಬದು ಹತ್ತು ಹೆಜ್ಜೆ ಇರುವಾಗ ಕೌದಿ ಹಗುರಾದಂತೆ ಅನ್ನಿಸಿತು ಅವಳಿಗೆ. ತಿರುಗಿ ನೋಡಿದರೆ ಬಡಿಗ ಮುಗಿದಿದ್ದ.

ಹೆಣ ಬದು ದಾಟಿದ್ದೇ ತಡ, ಊರು ಎದೆ ಬಡಿದುಕೊಂಡು ಅತ್ತಿತು. ನಾಲ್ಕು ಹೆಗಲು ಸಾಕಾಗುವಲ್ಲಿ ನಲವತ್ತು ಹೆಗಲು ಬಂದವು. ಅಂಥ ಮೆರವಣಿಗೆ ಆ ಊರಿನಲ್ಲಿ ಯಾವ ಗೌಡನಿಗೂ ಆಗಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಗಂಡನ ಅಣ್ಣ ಕಣ್ಣೊರೆಸಿಕೊಳ್ಳುತ್ತ, "ನಮ್ಮ ಮನೀಗೇ ಬಂದುಬಿಡವ್ವಾ. ಕೊಟ್ಟಿಗಿ ಮಗ್ಗಲಕ್ಕ ಒಂದು ಕೋಣಿ ಐತಿ. ನಿನಗ ಸಾಕು" ಎಂದ.

"ನನ್ನ ಮಗಳಿಗೆ, ಭಾವಾರ?"

"ಯಾವ ಮಗಳವ್ವಾ?" ಎಂದು ಅವನು ಮೆತ್ತಗೆ ಕೇಳಿದ. ಅವಳ ಸೆರಗು ಹಿಡಿದು ನಿಂತಿದ್ದ ಮಗುವಿನ ತಲೆ ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರವಿತ್ತು.

ಅವಳು ಗಾಲಿಮನೆಗೆ ಮರಳಿದಳು. ಇನ್ನು ಮೂರು ಸುಗ್ಗಿ ಹೇಗಾದರೂ ದಾಟಬೇಕು. ದಾಟಿದರೆ ಮನೆ ಮನೆಯಾಗುತ್ತದೆ, ಮಗಳು ಮಗಳಾಗುತ್ತಾಳೆ. ಅದೊಂದೇ ಆಸೆಯನ್ನು ಅವಳು ಹಲ್ಲಿನಲ್ಲಿ ಕಚ್ಚಿ ಹಿಡಿದಳು. ಉತ್ತಳು, ಬಿತ್ತಿದಳು, ಕೊಯ್ದಳು, ಹೊಲಿದಳು. ಮಗಳು ದಿನವೂ ಮುಂಜಾನೆ ಬದುವಿನ ಮೇಲೆ ಹೋಗಿ ನಿಲ್ಲುತ್ತಿದ್ದಳು. ಸಾಲು ಬರುತ್ತಿತ್ತು. ಅವಳು ಕುಣಿದಳು, ನಾಲಿಗೆ ಚಾಚಿ ಅಣಕಿಸಿದಳು, ತಲೆಯ ಮೇಲೆ ಕುಂಬಳದ ಹೂವು ಇಟ್ಟುಕೊಂಡು ನಿಂತಳು. ಸಾಲು ಹೋಗುತ್ತಿತ್ತು.

"ಅವ್ವಾ, ನಾ ನೋಡಾಕ ಹೆಂಗದೇನಿ?" ಎಂದು ಒಂದು ದಿನ ಕೇಳಿದಳು.

"ಭಾಳ ಛಂದ ಅದಿ."

"ನೀ ಹೇಳಿದ್ರ ಏನ್ ಬಂತು? ಬ್ಯಾರೇದವರು ಹೇಳಬೇಕಲ್ಲ."

"ಏಳು ಸುಗ್ಗಿ ತುಂಬಲಿ. ಎಲ್ಲಾರೂ ನೋಡತಾರ, ಎಲ್ಲಾರೂ ಹೇಳತಾರ."

ಏಳನೆಯ ಸುಗ್ಗಿ ತುಂಬಿತು. ಕೊನೆಯ ತೆನೆ ಕಣಕ್ಕೆ ಬಿದ್ದ ಮರುದಿನ ಕೌದಿಯವಳು ಮಗಳಿಗೆ ಎಣ್ಣೆ ಹಚ್ಚಿ ನೀರೆರೆದಳು, ಎರಡು ಜಡೆ ಹೆಣೆದಳು, ಹೊಸ ಲಂಗ ತೊಡಿಸಿದಳು. "ಇಲ್ಲೇ ಕುಂದರು. ಇವತ್ತು ಎಲ್ಲಾರನ್ನೂ ಕರಕೊಂಡ ಬರತೇನಿ" ಎಂದು ಹೇಳಿ ತಾನು ಚಾವಡಿಗೆ ನಡೆದಳು.

ಚಾವಡಿಯ ಕಟ್ಟೆಯ ಮೇಲೆ ಕಟ್ಟಳೆಯವನು ಕೂತಿದ್ದ. ಊರಿನ ಕಟ್ಟಳೆಗಳೆಲ್ಲ ಅವನಿಗೆ ಬಾಯಿಪಾಠ. ಮೆದು ಮಾತಿನ ಮುದುಕ, ಇರುವೆಯನ್ನೂ ತುಳಿಯದವನು. ಅವಳಿಗೆ ಬೆಲ್ಲ ನೀರು ಕೊಟ್ಟು, "ಏನವ್ವಾ ಬಂದದ್ದು?" ಎಂದ.

"ನನ್ನ ಹೊಲದಾಗ ಒಂದು ಮನಿ ಐತ್ರಿ. ಏಳು ಸುಗ್ಗಿ ಆತು. ಅದನ್ನ ಮನಿ ಅಂತ ಒಪ್ಪಿಕೋರಿ."

ಕಟ್ಟಳೆಯವನು ಡಂಗುರ ಹೊಡೆಸಿದ. ಊರು ಚಾವಡಿಯ ಮುಂದೆ ನೆರೆಯಿತು. ಎಲ್ಲರಿಗೂ ವಿಷಯ ಗೊತ್ತು, ಎಲ್ಲರ ಮುಖದಲ್ಲೂ ಹಬ್ಬದ ಕಳೆ. ಏಳು ವರ್ಷದ ವ್ರತ ಮುಗಿಯುವ ದಿನವಲ್ಲವೇ?

"ಈಕಿ ಹೊಲದಾಗ ಏಳು ಸುಗ್ಗಿ ಒಳಗ ಯಾರರ ಒಂದು ಮನಿ ಕಂಡೀರೇನು?" ಎಂದು ಕಟ್ಟಳೆಯವನು ಕೇಳಿದ.

"ಕಂಡಿಲ್ರೀ!" ಎಂದು ಊರು ಒಂದೇ ಕೊರಳಿನಲ್ಲಿ ಕೂಗಿತು. ಆ ಕೂಗಿಗೆ ಕೋಟೆಯ ಮೇಲಿನ ಪಾರಿವಾಳಗಳು ಹಾರಿದವು. ಕೌದಿಯವಳ ಕಣ್ಣು ತುಂಬಿ ಬಂದವು. ಅವಳು ಎರಡೂ ಕೈ ಎತ್ತಿ ಊರಿಗೆ ಮುಗಿದಳು. ಊರೂ ಕಣ್ಣೊರೆಸಿಕೊಂಡಿತು.

"ಛಲೋ ಆತು" ಎಂದು ಕಟ್ಟಳೆಯವನೂ ನಕ್ಕ. "ಯಾರೂ ಕಂಡಿಲ್ಲ ಅನ್ನೂದು ಖಾತ್ರಿ ಆತು. ಈಗ ಇನ್ನೊಂದು. ಅದು ಏಳು ಸುಗ್ಗಿ ಅಲ್ಲೇ ನಿಂತಿತ್ತು ಅನ್ನಾಕ ಸಾಕ್ಷಿ ಯಾರು?"



"ನಾನಽ ಅದೇನಲ್ರಿ!" ಎಂದಳು ಕೌದಿಯವಳು.

"ನಿನ್ನ ಮನಿಗೆ ನೀ ಸಾಕ್ಷಿ ಆಗಾಕ ಬರಂಗಿಲ್ಲವ್ವಾ. ಬ್ಯಾರೇ ಒಬ್ಬರು ಬೇಕು. ಒಬ್ಬರು ಸಾಕು, ಇಷ್ಟ ಮಂದ್ಯಾಗ ಒಬ್ಬರು. ಕಂಡೇನಿ ಅಂದವರ ಸೂರು ಹೋಗತೈತಿ, ಅದು ಅವರ ಪಾಲಿಂದು. ಆದರ ಚಾವಡಿಗೆ ಬಂದು ಹೇಳದ ಕಂಡದ್ದು ಕಟ್ಟಳೆಗೆ ಕಂಡಂಗಲ್ಲ, ನಿನ್ನ ಮನಿ ಉಳೀತೈತಿ. ಪೂರಾ ಏಳು ಬ್ಯಾಡ, ಅದು ಹಳೇದು ಅನ್ನಾಕ ಒಂದು ಸಲ ಕಂಡಿದ್ರೂ ನಡೀತೈತಿ."

ಕೌದಿಯವಳು ಜನರ ಕಡೆ ತಿರುಗಿದಳು. ಜನ ರೂಢಿಯಂತೆ ಬಲಕ್ಕೆ ತಿರುಗಿದರು. ಒಂದೇ ಒಂದು ಮುಖ ತಿರುಗಲಿಲ್ಲ. ಸೂಲಗಿತ್ತಿ ನೆಲ ನೋಡುತ್ತ ನಿಂತಿದ್ದಳು.

ಒಂದು ಮಾತು ಸಾಕಿತ್ತು. ಈಕೆ ಬಟ್ಟೆ ಸರಿಸಿ ನೋಡಿದಳು ಎಂದರೆ ಮುಗಿಯಿತು. ಸೂಲಗಿತ್ತಿಗೆ ಸುಳ್ಳಾಡಲು ಬರುತ್ತಿರಲಿಲ್ಲ, ಅದು ಊರಿಗೇ ಗೊತ್ತು. ಮನೆ ಉಳಿಯುತ್ತದೆ, ಮಗಳು ಕಾಣುತ್ತಾಳೆ. ಸೂಲಗಿತ್ತಿಯ ಸೂರು ಬೀಳುತ್ತದೆ. ಸೂರು ಬಿದ್ದ ಮನೆಯನ್ನು ಮತ್ತೆ ಮುಚ್ಚುವಂತಿಲ್ಲ, ಮುದುಕಿ ಮಳೆಯಲ್ಲಿ ಬಿಸಿಲಲ್ಲಿ ನಾಲ್ಕು ಗೋಡೆಗಳ ನಡುವೆ ಬಿದ್ದು ಸಾಯಬೇಕು. ಮಾತು ಕೌದಿಯವಳ ನಾಲಿಗೆಯ ತುದಿಗೆ ಬಂತು. ಈ ಲೋಕದಲ್ಲಿ ತನ್ನ ಮಗಳನ್ನು ಕಂಡು, ಕಣ್ಣು ಹೀಗಿದೆ ಮೂಗು ಹೀಗಿದೆ ಎಂದು ಹೇಳಿದವಳು ಇವಳೊಬ್ಬಳೇ ಎಂಬ ನೆನಪು ಅದರ ಹಿಂದೆಯೇ ಬಂತು. ಮಾತನ್ನು ಅವಳು ನುಂಗಿಕೊಂಡಳು. ಸೂಲಗಿತ್ತಿಯೇ ಹೇಳಲಿ ಎಂದು ಕಾದಳು. ಅವಳು ತಾನಾಗಿ ಹೇಳಿಯಾಳು ಎಂದು ಬಹಳ ಹೊತ್ತು ಕಾದಳು.

"ಸೂಲಗಿತ್ತಿ, ಆಕಿ ನಿನ್ನ ಕಡೆ ನೋಡಾಕತ್ತಾಳ. ನೀ ಏನರ ಹೇಳೂದೈತೇನು?" ಎಂದ ಕಟ್ಟಳೆಯವನು.

"ನನ್ನ ಕಣ್ಣು ಕಟ್ಟಿತ್ರಿ" ಎಂದಳು ಸೂಲಗಿತ್ತಿ. "ಕೈಗೆ ಹಲಗಿ ಹತ್ತಿದಂಗ ಆಗಿತ್ತು. ಮರ ಇರಬೇಕು ಅನಕೊಂಡಿದ್ದೆ."

ಅದು ಅವಳ ಜನ್ಮದಲ್ಲಿ ಆಡಿದ ಮೊದಲ ಸುಳ್ಳು. ಅದಕ್ಕೇ ಎಲ್ಲರೂ ನಂಬಿದರು.

ಕಟ್ಟಳೆಯವನು ನಿಟ್ಟುಸಿರುಬಿಟ್ಟ. "ನೋಡವ್ವಾ, ನಿನ್ನೀತನ ಯಾರೂ ಕಂಡಿಲ್ಲ. ಇವತ್ತು ಐತಿ ಅಂತ ನೀನಽ ಬಂದು ಹೇಳಿದಿ. ಅಂದಮ್ಯಾಲೆ ಅದು ಇವತ್ತ ಮುಂಜಾನಿ ಬಂದದ್ದು. ಇವತ್ತ ಬಂದದ್ದನ್ನ ಇವತ್ತಽ ಕಂಡು, ಹೊತ್ತು ಮುಳುಗೂದರೊಳಗ ಹೇಳಿದಿ. ಭಾಳ ನಿಯತ್ತಿನಾಕಿ ನೀ. ಕಂಡು ಹೇಳಿದವರಽ ಮೊದಲ ಏಟು ಹಾಕಬೇಕು" ಎಂದು ಹೇಳಿ, ತಾನೇ ಎದ್ದು ಚಾವಡಿಯ ಕೊಡಲಿಯನ್ನು ತಂದು, ಎರಡೂ ಕೈಯಲ್ಲಿ ಗೌರವದಿಂದ ಅವಳಿಗೆ ಕೊಟ್ಟ.

ಊರು ಅವಳ ಹಿಂದೆ ಹೊರಟಿತು. ಬದು ಬಂತು. ಕೊಡಲಿ ಹಿಡಿದ ಕೌದಿಯವಳು ದಾಟಿದಳು, ಊರೂ ದಾಟಿತು. ಏಳು ವರ್ಷದಲ್ಲಿ ಮೊದಲ ಬಾರಿಗೆ ಊರಿನ ಕುತ್ತಿಗೆಗಳು ಕಟಕಟ ಸದ್ದು ಮಾಡುತ್ತ ಎಡಕ್ಕೆ ತಿರುಗಿದವು. ಇನ್ನು ಕಂಡರೆ ತಪ್ಪಿಲ್ಲ. ಹೇಳುವುದನ್ನು ಹೇಳಿ ಆಗಿದೆ.

"ಯವ್ವಾ! ಎಷ್ಟ ಛಂದ ಕಟ್ಯಾನ ನೋಡ್ರಿ!"

"ಪರದೆ ಹೊಲಿಗಿ ನೋಡ ಬಾ. ಹೆಂಥಾ ಕೈಯವ್ವ ಈಕಿದು!"

"ಕಿಟಕಿ ಎಷ್ಟ ಹದಕ್ಕ ಇಟ್ಟಾನ. ಗಾಳಿ ಛಲೋ ಬರತಿರಬೇಕು."

ಮನಸಾರೆ ಹೊಗಳಿದರು. ಏಳು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತುಗಳೆಲ್ಲ ಒಮ್ಮೆಗೇ ಹೊರಬಂದವು. ಅಷ್ಟರಲ್ಲಿ ಪರದೆ ಸರಿಯಿತು. ಎರಡು ಜಡೆಯ, ಹೊಸ ಲಂಗದ ಹುಡುಗಿ ಬಾಗಿಲಲ್ಲಿ ನಿಂತಳು. ಅವಳ ಮುಂದೆ ನೂರಾರು ಮುಖಗಳಿದ್ದವು, ಒಂದೂ ಬಲಕ್ಕೆ ತಿರುಗಿರಲಿಲ್ಲ.

"ಅಯ್ಯ ನಮ್ಮವ್ವ! ಎಷ್ಟ ಮುದ್ದ ಅದಾಳ!" ಎಂದು ಹೆಂಗಸರು ಮುಗಿಬಿದ್ದರು. ಗಲ್ಲ ಹಿಂಡಿದರು, ನೆಟಿಕೆ ಮುರಿದರು, ಎತ್ತಿ ಕೆಳಗಿಳಿಸಿದರು.  ಹುಡುಗಿ ಜನರ ಕಾಲುಗಳ ನಡುವೆ ನುಸುಳಿ ಅವ್ವನ ಹತ್ತಿರ ಓಡಿಬಂದಳು.

"ಅವ್ವಾ! ಎಲ್ಲಾರೂ ನನ್ನ ನೋಡಾಕತ್ತಾರ! ಎಲ್ಲಾರೂ!"

"ಹೂನವ್ವಾ" ಎಂದಳು ತಾಯಿ.

ಅವಳು ಕೊಡಲಿ ಎತ್ತಿದಳು. ಗಂಡ ತೀಡಿ ತೀಡಿ ನುಣುಪು ಮಾಡಿದ್ದ ಹಲಗೆ ಅದು. ಮೊದಲ ಏಟು ಜೋರಾಗಿ ಬೀಳಲಿಲ್ಲ, ಕಟ್ಟಳೆಯವನು ಅದನ್ನೇ ಸಾಕೆಂದು ಒಪ್ಪಿಕೊಂಡ. ಮುಂದೆ ಒಬ್ಬೊಬ್ಬರಾಗಿ ಬಂದರು. ಗಂಡನ ಅಣ್ಣ ಬಂದ, ಹೊಡೆದ, ಮಗುವಿನ ತಲೆ ಸವರಿ "ನಮ್ಮ ತಮ್ಮನ್ನ ತೆಗದಂಗ ಅದಾಳ" ಎಂದು ಅತ್ತ. ಬಡಿಗನ ತೊಟ್ಟಿಲಲ್ಲಿ ಆಡಿ ಬೆಳೆದ ಹುಡುಗರು ಬಂದರು. ಕೌದಿ ಹೊದ್ದವರು ಬಂದರು. ಪ್ರತಿಯೊಬ್ಬರೂ ಒಂದು ಏಟು ಹಾಕಿ, ಹುಡುಗಿಯ ಕೈಗೆ ಏನಾದರೊಂದು ಕೊಟ್ಟರು. ಒಂದು ಬಳೆ, ಒಂದು ಹಿಡಿ ಪುಟಾಣಿ, ಒಂದು ಬೆಲ್ಲದ ಚೂರು. ಸೂಲಗಿತ್ತಿ ಕೊನೆಯವಳು. ಅವಳು ಹೊಡೆದದ್ದು ಬಾಗಿಲ ಚೌಕಟ್ಟಿಗೆ. ಆ ಏಟಿಗೆ ಉಳಿದದ್ದೂ ಕುಸಿಯಿತು. ಅವಳು ಮಗುವಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬಹಳ ಹೊತ್ತು ನೋಡಿ, ಎಂದೂ ನೋಡದವಳ ಹಾಗೆ, "ಯಾರ ಮೂಗವ್ವಾ ಇದು?" ಎಂದು ಕೇಳಿದಳು. 

ಹೊತ್ತು ಇಳಿಯಿತು. "ಹೊತ್ತಾತು, ಮನಿ ಕಡೆ ಹೋಗತೇವಿ. ನೀವೂ ಬೆಳಕ ಇರೂದರೊಳಗ ಹೊಲ ಬಿಡ್ರಿ" ಎಂದು ಊರು ತನ್ನ ತನ್ನ ಸೂರಿನ ಕೆಳಗೆ ಹೊರಟಿತು. ಹೋಗುವಾಗ ಕೆಲವರು ತಿರುಗಿ ನೋಡಿ ಕೈಬೀಸಿದರು. ಹುಡುಗಿ ಮುರಿದ ಗಾಲಿಯ ಮೇಲೆ ಹತ್ತಿ, ಕೊನೆಯ ಬೆನ್ನು ಮರೆಯಾಗುವವರೆಗೆ ಕೈಬೀಸಿದಳು. ಆಮೇಲೆ ಇಳಿದುಬಂದು, ಹಲಗೆಗಳ ನಡುವೆ ಕೂತಿದ್ದ ತಾಯಿಯ ಬಾಯಿಗೆ ಒಂದು ಬೆಲ್ಲದ ಚೂರು ಇಟ್ಟಳು. ಮಗಳ ಮುಖ ಕೆಂಪಗೆ ಅರಳಿತ್ತು, ಹುಟ್ಟಿದಂದಿನಿಂದ ತಾಯಿ ಅವಳನ್ನು ಅಷ್ಟು ಸಂತೋಷದಲ್ಲಿ ಕಂಡಿರಲಿಲ್ಲ.

"ಅವ್ವಾ, ನಾಳೆ ಇನ್ನೊಂದು ಮನಿ ಕಟ್ಟೂಣು" ಎಂದಳು. "ಕೆಡವಾಕ ಮತ್ತ ಎಲ್ಲಾರೂ ಬರತಾರ."